ಬೋರ್ಡ್ ಅನ್ನೋ ಒಂದೇ ಪದ ಹಿಡ್ಕೊಂಡು ಡಿಕ್ಷನರಿ ಟೆಸ್ಟ್ ಮಾಡಿದೆ: ಎಟಿಮ್‌ಆನ್‌ಲೈನ್ ರಿವ್ಯೂ

ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಓದ್ತಾ ಕೂತಿದ್ದೋಳು ತಲೆ ಎತ್ತಿ "ಚಿಕ್ಕಮ್ಮ, ಬೋರ್ಡ್ ಅಂದ್ರೆ ಹಲಗೆ ತಾನೆ, ಮತ್ತೆ ಬೋರ್ಡ್ ಆಫ್ ಡೈರೆಕ್ಟರ್ಸ್ ಅಂದ್ರೆ ಏನು, ಬೋರ್ಡಿಂಗ್ ಸ್ಕೂಲ್ ಅಂದ್ರೆ ಏನು, ವಿಮಾನ ಹತ್ತೋದಕ್ಕೂ ಬೋರ್ಡಿಂಗ್ ಅಂತಾರಲ್ಲ ಅದ್ಯಾಕೆ" ಅಂತ ಒಂದೇ ಉಸಿರಲ್ಲಿ ಕೇಳಿದ್ಲು. ನನ್ನ ಫೋನಲ್ಲಿ ದುಡ್ಡು ಕೊಟ್ಟು ಹಾಕ್ಕೊಂಡಿದ್ದ ಒಂದು ಡಿಕ್ಷನರಿ ಆ್ಯಪ್ ಇತ್ತು, ಹೆಸರು ಬೇಡ, ಅದನ್ನ ತೆಗೆದು ಅವಳ ಕೈಗೆ ಕೊಟ್ಟೆ. ಅದರಲ್ಲಿ ಬೋರ್ಡ್‌ಗೆ ಒಂದು, ಎರಡು, ಮೂರು ಅಂತ ನಂಬರ್ ಹಾಕಿ ಹದಿನಾಲ್ಕು ಅರ್ಥ ಇತ್ತು. ಒಂದನೇದು ಮರದ ಹಲಗೆ, ನಾಕನೇದು ಸಮಿತಿ, ಆರನೇದು ಊಟ, ಒಂಬತ್ತನೇದು ಹಡಗಿನ ಪಕ್ಕ. ಹಲಗೆಯಿಂದ ಊಟಕ್ಕೆ ಹೆಂಗೆ ಬಂತು, ಊಟದಿಂದ ಸಮಿತಿಗೆ ಹೆಂಗೆ ಹೋಯ್ತು, ಒಂದು ಸಾಲೂ ಇಲ್ಲ. ಅವಳು ಎರಡು ನಿಮಿಷ ನೋಡಿ "ಇಷ್ಟೂ ಬಾಯಿಪಾಠ ಮಾಡ್ಬೇಕಾ" ಅಂತ ಕೇಳಿದ್ಲು, ನಂಗೆ ಉತ್ತರ ಹೊಳೀಲಿಲ್ಲ.

ಅವತ್ತಿಂದ ನಾನು ಯಾವುದೇ ಡಿಕ್ಷನರಿ ನೋಡಿದ್ರೂ ಮೊದ್ಲು ಬೋರ್ಡ್ ಅಂತಲೇ ಹುಡುಕೋದು. ಮನೆಯಲ್ಲಿರೋ ಒಂದು ಸಾಧಾರಣ ವಸ್ತುವಿನ ಪದವನ್ನ ಸರಿಯಾಗಿ ಬಿಡಿಸಿ ಹೇಳೋಕೆ ಬರದೇ ಇರೋ ಡಿಕ್ಷನರಿ ದೊಡ್ಡ ಪದಗಳನ್ನ ಹೇಳಿಕೊಟ್ಟು ಏನು ಪ್ರಯೋಜನ. ಹಂಗೆ ಹುಡುಕ್ತಾ ಹುಡುಕ್ತಾ ಕೊನೆಗೆ ನಿಂತಿದ್ದು ಎಟಿಮ್‌ಆನ್‌ಲೈನ್ ಅನ್ನೋ ವೆಬ್‌ಸೈಟಲ್ಲಿ, ಅಂದ್ರೆ ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ. ಡಗ್ಲಸ್ ಹಾರ್ಪರ್ ಅಂತ ಅಮೆರಿಕದವರು, ಇತಿಹಾಸದ ಬಗ್ಗೆ ಬರೆಯೋರು, ಒಬ್ಬರೇ ಕೂತು ಶುರು ಮಾಡಿದ ಕೆಲಸ ಇದು. ಓದೋಕೆ ಫ್ರೀ. ಇದು ಪದದ ಹುಟ್ಟು ಹೇಳೋ ಡಿಕ್ಷನರಿ, ಅರ್ಥ ಹೇಳೋದು ಇದರ ಮುಖ್ಯ ಕೆಲಸ ಅಲ್ಲ, ಇದನ್ನ ಮೊದ್ಲೇ ಹೇಳಿಬಿಡ್ತೀನಿ, ಇಲ್ಲಾಂದ್ರೆ ಹೋಗಿ ನೋಡಿ ನಿರಾಸೆ ಆಗತ್ತೆ.

ಬೋರ್ಡ್ ಅಂತ ಹಾಕಿದ ತಕ್ಷಣ ಕಾಣೋದು ಏನಪ್ಪಾ ಅಂದ್ರೆ ಇದು ಒಂದೇ ಪದ ಅಂತ ಇವರು ಲೆಕ್ಕ ಹಾಕೇ ಇಲ್ಲ. ಹಲಗೆ ಅನ್ನೋ ಬೋರ್ಡ್ ಬೇರೆ ಎಂಟ್ರಿ, ಹಡಗಿನ ಪಕ್ಕ, ಅಂಚು ಅನ್ನೋ ಬೋರ್ಡ್ ಬೇರೆ ಎಂಟ್ರಿ. ಹಳೇ ಇಂಗ್ಲಿಷಲ್ಲಿ ಎರಡೂ 'ಬೊರ್ಡ್' ಅಂತಲೇ ಇತ್ತು, ಎರಡೂ ಒಂದೇ ಬೇರಿಂದ ಬಂದಿದ್ದಾ ಇಲ್ವಾ ಅನ್ನೋದರಲ್ಲಿ ಪಂಡಿತರಲ್ಲೇ ಒಮ್ಮತ ಇಲ್ಲ, ಆ ವಿಷಯಾನೂ ಮುಚ್ಚಿಡದೆ ಬರೆದಿದ್ದಾರೆ. ನಂಗೆ ಈ ಸೈಟ್ ಮೇಲೆ ನಂಬಿಕೆ ಬಂದಿದ್ದೇ ಅಲ್ಲಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೋ ಡಿಕ್ಷನರಿ ಗೊತ್ತು ಅಂದಾಗ ನಂಬಬಹುದು.

ಈಗ ಹಲಗೆ ಕಡೆ ಬರೋಣ, ಇದೇ ಸಖತ್ ಕಥೆ.

ಹಳೇ ಕಾಲದಲ್ಲಿ ಇಂಗ್ಲೆಂಡಿನ ದೊಡ್ಡ ಮನೆಗಳ ಹಾಲಲ್ಲಿ ಊಟದ ಟೇಬಲ್ ಅಂದ್ರೆ ನಾಕು ಕಾಲು ಗಟ್ಟಿಯಾಗಿ ಜೋಡಿಸಿದ ಸಾಮಾನಾಗಿರ್ಲಿಲ್ಲ. ಎರಡು ಮೂರು ಕವಲು ಕಾಲಿನ ಸ್ಟ್ಯಾಂಡ್ ಇಟ್ಟು ಅದರ ಮೇಲೆ ಉದ್ದ ಹಲಗೆ ಹಾಸ್ತಿದ್ರು, ಊಟ ಮುಗಿದ ಮೇಲೆ ಹಲಗೆ ಎತ್ತಿ ಗೋಡೆಗೆ ಒರಗಿಸಿದ್ರೆ ಹಾಲ್ ಖಾಲಿ. ಹಂಗಾಗಿ ಹಲಗೆ ಅಂದ್ರೇನೇ ಊಟದ ಟೇಬಲ್. ಟೇಬಲ್ ಅಂದ್ರೆ ಅದರ ಮೇಲಿನ ಊಟ. ಇಷ್ಟು ಹೇಳಿದ ಮೇಲೆ ಬೋರ್ಡಿಂಗ್ ಸ್ಕೂಲ್ ಯಾಕೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ, ಊಟ ಹಾಕಿ ಇರಿಸ್ಕೊಳ್ಳೋ ಸ್ಕೂಲು. ರೂಮ್ ಆ್ಯಂಡ್ ಬೋರ್ಡ್ ಅಂದ್ರೆ ಇರೋಕೆ ಜಾಗ, ತಿನ್ನೋಕೆ ಊಟ. ಹೋಟೆಲ್ ಬುಕ್ ಮಾಡುವಾಗ ಫುಲ್ ಬೋರ್ಡ್, ಹಾಫ್ ಬೋರ್ಡ್ ಅಂತ ಬರೋದೂ ಅದೇ, ಮೂರು ಹೊತ್ತಿನ ಊಟ ಸೇರಿದೆಯಾ ಅಥವಾ ಬೆಳಗಿನ ತಿಂಡಿ ಜೊತೆ ಒಂದು ಹೊತ್ತಿನ ಊಟ ಮಾತ್ರವಾ ಅನ್ನೋದು.

ಅದೇ ಹಲಗೆ ಸುತ್ತ ಊಟದ ಬದಲು ಮಾತುಕತೆಗೆ ಕೂತ್ರೆ? 1570ರ ದಶಕದ ಹೊತ್ತಿಗೆ ಬೋರ್ಡ್ ಅಂದ್ರೆ ಸಭೆ ನಡೆಯೋ ಟೇಬಲ್ ಅನ್ನೋ ಅರ್ಥ ಬಂದಿದೆ, ಅಲ್ಲಿಂದ ಇನ್ನೊಂದು ನಲವತ್ತು ವರ್ಷದಲ್ಲಿ ಟೇಬಲ್ ಮಾಯ, ಅದರ ಸುತ್ತ ಕೂತ ಜನಕ್ಕೇ ಬೋರ್ಡ್ ಅನ್ನೋ ಹೆಸರು. ಬೋರ್ಡ್ ಆಫ್ ಡೈರೆಕ್ಟರ್ಸ್ ಅಂದ್ರೆ ಅವರು. ಇದನ್ನ ಓದಿ ಹೇಳ್ದಾಗ ಅಕ್ಕನ ಮಗಳು "ಓ ಹಂಗಾದ್ರೆ ಅವರು ಹಲಗೆ ಜನ" ಅಂದ್ಲು. ಸರಿಯಾಗೇ ಹೇಳಿದ್ಲು. ನಾವು ಕನ್ನಡದಲ್ಲಿ ಮಂಡಳಿ ಅಂತೀವಿ, ಮಂಡಲ ಅಂದ್ರೆ ವೃತ್ತ, ನಮ್ಮ ಪದ ಜನ ಕೂತ ಆಕಾರದಿಂದ ಬಂತು, ಅವರ ಪದ ನಡುವೆ ಇದ್ದ ಸಾಮಾನಿನಿಂದ ಬಂತು.

ಇಂಗ್ಲಿಷಲ್ಲಿ ಇದು ಅಪರೂಪದ ಸಂಗತಿ ಏನಲ್ಲ ಅಂತ ಆಮೇಲೆ ಅದೇ ಸೈಟಲ್ಲಿ ಓಡಾಡ್ತಾ ಗೊತ್ತಾಯ್ತು. ಬ್ಯಾಂಕ್ ಅಂದ್ರೆ ಮೊದ್ಲು ಬೆಂಚು, ಇಟಲಿಯಲ್ಲಿ ಹಣ ಬದಲಾಯಿಸೋರು ಮುಂದೆ ಇಟ್ಕೊಳ್ತಿದ್ದ ಬೆಂಚು, ಬ್ಯಾಂಕ್ರಪ್ಟ್ ಅಂದ್ರೆ ಬೆಂಚ್ ಮುರೀತು ಅಂತ. ಬ್ಯೂರೋ ಅಂದ್ರೆ ಬರೆಯೋ ಮೇಜಿನ ಮೇಲೆ ಹಾಸ್ತಿದ್ದ ಒರಟು ಬಟ್ಟೆ, ಆಮೇಲೆ ಮೇಜು, ಆಮೇಲೆ ಆಫೀಸು, ಆಮೇಲೆ ಸರ್ಕಾರದ ಇಲಾಖೆ. ಕ್ಯಾಬಿನೆಟ್ ಅಂದ್ರೆ ಚಿಕ್ಕ ಕೋಣೆ, ಅದೇ ಪದಕ್ಕೆ ಬೀರು ಅನ್ನೋ ಅರ್ಥಾನೂ ಇದೆ, ಮಂತ್ರಿಮಂಡಲ ಅನ್ನೋ ಅರ್ಥಾನೂ ಇದೆ. ಚೇರ್ ಅಂದ್ರೆ ಕುರ್ಚಿ, ಸಭೆಯ ಅಧ್ಯಕ್ಷರೂ ಚೇರ್. ಒಂದು ಪದದಿಂದ ಇನ್ನೊಂದಕ್ಕೆ ಲಿಂಕ್ ಒತ್ತಿಕೊಂಡು ಹೋಗ್ತಾ ಇರಬಹುದು, ನಾನು ಒಂದು ರಾತ್ರಿ ಊಟ ಆದ್ಮೇಲೆ ಶುರು ಮಾಡಿದೋಳು ಹನ್ನೆರಡೂವರೆ ತನಕ ಎದ್ದಿರ್ಲಿಲ್ಲ.

ಕಪ್‌ಬೋರ್ಡ್ ಬಗ್ಗೆ ಒಂದು ಮಾತು. ನಾವೆಲ್ಲ ಕಬೋರ್ಡ್ ಅಂತೀವಿ, ಇಂಗ್ಲಿಷ್ ಮಾತಾಡೋರು ಹೆಚ್ಚುಕಮ್ಮಿ ಕಬರ್ಡ್ ಅಂತಾರೆ, ನಡುವಿನ ಪ ಎಲ್ಲೂ ಕೇಳಿಸಲ್ಲ, ಸ್ಪೆಲಿಂಗಲ್ಲಿ ಮಾತ್ರ ಕೂತಿದೆ. ಯಾಕಂದ್ರೆ ಅದು ನಿಜಕ್ಕೂ ಕಪ್ ಇಡೋ ಬೋರ್ಡ್, ಬಾಗಿಲಿಲ್ಲದ, ಕಪ್ಪುಗಳನ್ನ ಎಲ್ಲರಿಗೂ ಕಾಣೋ ಹಂಗೆ ಜೋಡಿಸಿಡೋ ಟೇಬಲ್ಲು. ಬಾಗಿಲು ಬಂದಿದ್ದು ಆಮೇಲೆ. ನಾವು ಅದರೊಳಗೆ ಬಟ್ಟೆ ಇಟ್ಟು ಕಬೋರ್ಡ್ ಅನ್ನೋ ಹೊತ್ತಿಗೆ ಕಪ್ಪೂ ಇಲ್ಲ, ಟೇಬಲ್ಲೂ ಇಲ್ಲ. ಸ್ವೀಡಿಷ್‌ನಲ್ಲಿ ಇವತ್ತಿಗೂ ಟೇಬಲ್‌ಗೆ ಬೋರ್ಡ್ ಅಂತಲೇ ಅನ್ನೋದು, ಸ್ಮಾರ್ಗಸ್‌ಬೋರ್ಡ್ ಅಂತ ಇಂಗ್ಲಿಷಲ್ಲಿ ಬಳಸ್ತಾರಲ್ಲ, ತರತರದ ತಿನಿಸು ಹರಡಿಟ್ಟ ಟೇಬಲ್ಲು, ಅದರ ಕೊನೆ ಭಾಗ ಇದೇ. ಡಚ್‌ನಲ್ಲಿ ಬೋರ್ಡ್ ಅಂದ್ರೆ ತಟ್ಟೇನೂ ಆಗತ್ತೆ!

ಅಬವ್ ಬೋರ್ಡ್ ಅನ್ನೋದು ನಂಗೆ ತುಂಬ ಇಷ್ಟದ್ದು. ವ್ಯವಹಾರ ಎಲ್ಲ ಪಾರದರ್ಶಕ, ಮುಚ್ಚುಮರೆ ಇಲ್ಲ ಅನ್ನೋಕೆ ಹೇಳೋದು. ಇಸ್ಪೀಟ್ ಆಡುವಾಗ ಕೈ ಎರಡೂ ಟೇಬಲ್ ಮೇಲೇ ಇರ್ಬೇಕು, ಕೆಳಗೆ ಹೋದ್ರೆ ಎಲೆ ಬದಲಾಯ್ಸಿದ ಅನುಮಾನ, ಅದರಿಂದ ಬಂದಿದ್ದು, 17ನೇ ಶತಮಾನದ ಶುರುವಿನದು. ಇದರ ಉಲ್ಟಾ ಅಂಡರ್ ದಿ ಟೇಬಲ್, ಅಂದ್ರೆ ಕದ್ದುಮುಚ್ಚಿ ಕೊಡೋ ದುಡ್ಡು. ಇಲ್ಲಿ ಗಮನಿಸಿ, ಒಂದರಲ್ಲಿ ಹಳೇ ಪದ ಬೋರ್ಡ್ ಉಳ್ಕೊಂಡಿದೆ, ಇನ್ನೊಂದರಲ್ಲಿ ಹೊಸ ಪದ ಟೇಬಲ್ ಇದೆ, ಎರಡೂ ಅದೇ ಮೇಜು. ಇದು ಹೊಳೆದ ಮೇಲೆ ಎರಡನ್ನೂ ಬಾಯಿಪಾಠ ಮಾಡೋ ಅಗತ್ಯಾನೇ ಬರಲ್ಲ, ನನ್ನ ಪ್ರಕಾರ ಡಿಕ್ಷನರಿ ಮಾಡ್ಬೇಕಾದ ಕೆಲಸ ಇದೇ.

ಹಳೇ ಕಾನೂನಿನ ಭಾಷೆಯಲ್ಲಿ ಬೆಡ್ ಆ್ಯಂಡ್ ಬೋರ್ಡ್ ಅಂತ ಇದೆ, ಗಂಡ ಹೆಂಡತಿ ಮದುವೆ ಮುರೀದೆ ಬೇರೆ ಬೇರೆ ಇರೋಕೆ ಇಂಗ್ಲೆಂಡಿನ ಚರ್ಚ್ ಕೋರ್ಟ್ ಅಪ್ಪಣೆ ಕೊಡ್ತಿತ್ತು, ಅದು ಹಾಸಿಗೆ ಮತ್ತು ಊಟದ ಮೇಜಿನಿಂದ ಬೇರೆ ಆಗೋದು. 1857ರ ಕಾನೂನು ಬಂದ ಮೇಲೆ ಅದಕ್ಕೆ ಜುಡಿಶಿಯಲ್ ಸೆಪರೇಷನ್ ಅಂತ ಹೆಸರಾಯ್ತು. ಹಳೇ ಹೆಸರು ಎಷ್ಟು ಮನಸ್ಸಿಗೆ ತಟ್ಟತ್ತೆ ನೋಡಿ, ಒಂದು ಸಂಸಾರ ಅಂದ್ರೆ ಹಾಸಿಗೆ, ಊಟ, ಎರಡೇ ಪದದಲ್ಲಿ ಇಡೀ ಮನೆ ಬಂದುಬಿಡ್ತು.

ಇನ್ನು ಹಡಗಿನ ಬೋರ್ಡ್. ಇದು ಹಡಗಿನ ಅಂಚು, ಪಕ್ಕ. ಆನ್ ಬೋರ್ಡ್ ಅಂದ್ರೆ ಹಡಗು ಹತ್ತಿದ್ದು, ಓವರ್‌ಬೋರ್ಡ್ ಅಂದ್ರೆ ಅಂಚು ದಾಟಿ ನೀರಿಗೆ ಬಿದ್ದಿದ್ದು, ಅದಕ್ಕೇ ಯಾರಾದ್ರೂ ಯಾವುದರಲ್ಲಾದ್ರೂ ಅತಿ ಮಾಡಿದ್ರೆ ಓವರ್‌ಬೋರ್ಡ್ ಹೋದ್ರು ಅನ್ನೋದು. ಹಡಗಿಂದ ರೈಲಿಗೆ, ರೈಲಿಂದ ವಿಮಾನಕ್ಕೆ ಬೋರ್ಡಿಂಗ್ ಬಂತು. ಗೋ ಬೈ ದಿ ಬೋರ್ಡ್ ಅಂತ ಇನ್ನೊಂದು, ಪಟದ ಕಂಬ ಮುರಿದು ಪಕ್ಕದಿಂದ ನೀರಿಗೆ ಬಿದ್ದುಹೋಗೋದು, ಈಗ ಯೋಜನೆಯೋ ಶಿಸ್ತೋ ಕೈಬಿಟ್ಟು ಹೋದ್ರೆ ಹಂಗಂತಾರೆ. ಆ ದುಡ್ಡು ಕೊಟ್ಟ ಆ್ಯಪಲ್ಲಿ ಇದಕ್ಕೆ "ತ್ಯಜಿಸಲ್ಪಡು" ಅಂತ ಒಂದೇ ಪದ ಇತ್ತು, ಸಮುದ್ರದ ಸುಳಿವೇ ಇಲ್ಲ.

ಸ್ಟಾರ್‌ಬೋರ್ಡ್ ಅಂದ್ರೆ ಹಡಗಿನ ಬಲಪಕ್ಕ. ನಾನು ಇಷ್ಟು ದಿನ ಸ್ಟಾರ್ ಅಂದ್ರೆ ನಕ್ಷತ್ರ, ನಾವಿಕರು ನಕ್ಷತ್ರ ನೋಡ್ಕೊಂಡು ಹೋಗೋರಲ್ವಾ ಅದಕ್ಕೇ ಇರ್ಬೇಕು ಅಂದ್ಕೊಂಡಿದ್ದೆ. ಅದು ಸ್ಟಿಯರ್, ಸ್ಟಿಯರಿಂಗಿನ ಸ್ಟಿಯರ್. ಹಿಂದೆ ಹಡಗು ತಿರುಗಿಸೋ ಹುಟ್ಟು ಬಲಗಡೆ ಇರ್ತಿತ್ತು. ಎಡಗಡೆಗೆ ಲಾರ್‌ಬೋರ್ಡ್ ಅಂತಿದ್ರು, ಗಾಳಿಮಳೆ ನಡುವೆ ಕಿರುಚಿ ಹೇಳುವಾಗ ಸ್ಟಾರ್‌ಬೋರ್ಡ್, ಲಾರ್‌ಬೋರ್ಡ್ ಎರಡೂ ಒಂದೇ ಥರ ಕೇಳಿಸಿದ್ರೆ ಏನು ಗತಿ, ಅದಕ್ಕೆ 1844ರಲ್ಲಿ ಬ್ರಿಟಿಷ್ ನೌಕಾಪಡೆ ಲಾರ್‌ಬೋರ್ಡ್ ಬಿಟ್ಟು ಪೋರ್ಟ್ ಅನ್ನಬೇಕು ಅಂತ ಆದೇಶ ಮಾಡ್ತು. ಒಂದು ಪದ ತಪ್ಪು ಕೇಳಿಸಿದ್ರೆ ಹಡಗೇ ಬಂಡೆಗೆ ಹೊಡೀಬಹುದು, ಭಾಷೆ ಅಂದ್ರೆ ಬರೀ ಪರೀಕ್ಷೆ ವಿಷಯ ಅಂದ್ಕೊಂಡಿರೋ ಮಕ್ಕಳಿಗೆ ಇದನ್ನ ಹೇಳ್ಬೇಕು.

ಬೋರ್ಡ್ ನೋಡಿದ ಮೇಲೆ ಟೇಬಲ್ ಬಿಡೋಕಾಗತ್ತಾ, ಅದನ್ನೂ ಹುಡುಕಿದೆ. ಲ್ಯಾಟಿನ್‌ನ ಟಾಬುಲಾ, ಅದೂ ಹಲಗೇನೇ! ಬರೆಯೋ ಹಲಗೆ. ಬರೆಯೋ ಹಲಗೆಯಿಂದ ಸಾಲುಸಾಲಾಗಿ ಅಂಕಿ ಬರೆದಿದ್ದು ಟೇಬಲ್ ಆಯ್ತು, ನಮ್ಮ ಕೋಷ್ಟಕ, ಮಗ್ಗಿ, ಟೈಮ್‌ಟೇಬಲ್, ಮೆಂಡಲೀವ್ 1869ರಲ್ಲಿ ಮಾಡಿದ ಪೀರಿಯಾಡಿಕ್ ಟೇಬಲ್ ಎಲ್ಲ ಆ ಕವಲು. ಪುಟ್ಟ ಹಲಗೆ ಟ್ಯಾಬ್ಲೆಟ್, ಹಂಗೇ ಮಾತ್ರೆಗೂ ಟ್ಯಾಬ್ಲೆಟ್. ಒಂದು ಔಷಧಿ ಕಂಪನಿ 1884ರಲ್ಲಿ ತನ್ನ ಒತ್ತಿ ಮಾಡಿದ ಮಾತ್ರೆಗಳಿಗೆ ಟ್ಯಾಬ್ಲಾಯ್ಡ್ ಅಂತ ಟ್ರೇಡ್‌ಮಾರ್ಕ್ ಮಾಡಿಸ್ತು, ಸುದ್ದೀನೂ ಹಂಗೇ ಒತ್ತಿ ಚಿಕ್ಕದು ಮಾಡಿ ಕೊಡೋ ಪತ್ರಿಕೆಗಳಿಗೆ ಆ ಹೆಸರು ಅಂಟಿಕೊಳ್ತು. ಟರ್ನ್ ದಿ ಟೇಬಲ್ಸ್‌ನಲ್ಲಿ ಟೇಬಲ್ಸ್ ಅಂದ್ರೆ ಊಟದ ಮೇಜಲ್ಲ, ಬ್ಯಾಕ್‌ಗ್ಯಾಮನ್ ಥರದ ಆಟದ ಮಣೆ, ಮಣೆ ತಿರುಗಿಸಿದ್ರೆ ಎದುರಾಳಿಯ ಸ್ಥಿತಿ ನಿಮಗೆ, ನಿಮ್ಮದು ಅವನಿಗೆ.

ಟೇಬಲ್ ಅನ್ನೋ ಕ್ರಿಯಾಪದ ಮಾತ್ರ ಕೆಲಸದಲ್ಲಿರೋರೆಲ್ಲ ಒಂದ್ಸಲ ಓದಿಕೊಳ್ಳಲೇಬೇಕು. ಬ್ರಿಟಿಷ್ ಇಂಗ್ಲಿಷಲ್ಲಿ ಒಂದು ವಿಷಯ ಟೇಬಲ್ ಮಾಡೋದು ಅಂದ್ರೆ ಚರ್ಚೆಗೆ ಮುಂದಿಡೋದು, ನಮ್ಮ "ಮಂಡಿಸು" ಪಕ್ಕಾ ಅದೇ. ಅಮೆರಿಕದಲ್ಲಿ ಟೇಬಲ್ ಮಾಡೋದು ಅಂದ್ರೆ ಪಕ್ಕಕ್ಕಿಡೋದು, ಮುಂದೂಡೋದು. ಪೂರ್ತಿ ಉಲ್ಟಾ. ಎರಡನೇ ಮಹಾಯುದ್ಧದ ಸಮಯದಲ್ಲಿ ಎರಡೂ ದೇಶದ ಸೇನಾಧಿಕಾರಿಗಳು ಒಂದು ಪತ್ರವನ್ನ ಟೇಬಲ್ ಮಾಡ್ಬೇಕಾ ಬೇಡ್ವಾ ಅಂತ ಬಿಸಿಬಿಸಿಯಾಗಿ ವಾದ ಮಾಡಿದ್ರಂತೆ, ಆಮೇಲೆ ನೋಡಿದ್ರೆ ಇಬ್ಬರಿಗೂ ಬೇಕಾಗಿದ್ದು ಒಂದೇ, ಅದನ್ನ ತಕ್ಷಣ ಚರ್ಚೆ ಮಾಡೋದು. ಚರ್ಚಿಲ್ ತಮ್ಮ ಯುದ್ಧದ ಇತಿಹಾಸದಲ್ಲಿ ಇದನ್ನ ಬರೆದಿದ್ದಾರೆ. ಅಮೆರಿಕದವರ ಜೊತೆ ಮೀಟಿಂಗ್ ಇರೋರು "ಲೆಟ್ಸ್ ಟೇಬಲ್ ದಿಸ್" ಅಂತ ಕೇಳಿದ್ರೆ ಒಂದ್ಸಲ ಯಾವ ಅರ್ಥ ಅಂತ ಕೇಳಿಕೊಳ್ಳೋದೇ ವಾಸಿ.

ಸರಿ, ಕೊರತೆಗಳು. ಮೊದಲನೇದಾಗಿ ಇದು ಹೊಸದಾಗಿ ಇಂಗ್ಲಿಷ್ ಕಲಿಯೋರಿಗೆ ಒಂದೇ ಡಿಕ್ಷನರಿಯಾಗಿ ಸಾಲಲ್ಲ. ಪದವನ್ನ ಇವತ್ತು ವಾಕ್ಯದಲ್ಲಿ ಹೆಂಗೆ ಬಳಸ್ತಾರೆ ಅನ್ನೋದಕ್ಕೆ ಲರ್ನರ್ಸ್ ಡಿಕ್ಷನರಿಯಲ್ಲಿ ಸಿಗೋ ಥರ ಸರಳ ಉದಾಹರಣೆ ಇಲ್ಲಿ ಸಿಗಲ್ಲ. ಉದಾಹರಣೆಗೆ ಅಕ್ರಾಸ್ ದಿ ಬೋರ್ಡ್. ಕುದುರೆ ರೇಸಲ್ಲಿ ಒಂದೇ ಕುದುರೆ ಮೇಲೆ ಮೊದಲನೇ, ಎರಡನೇ, ಮೂರನೇ ಸ್ಥಾನ ಮೂರಕ್ಕೂ ಸಮನಾಗಿ ದುಡ್ಡು ಕಟ್ಟೋದು ಅನ್ನೋ ಮೂಲ ಗೊತ್ತಾದ್ರೆ ಖುಷಿ ಆಗತ್ತೆ, ಆದ್ರೆ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಸಂಬಳ ಜಾಸ್ತಿ ಆಯ್ತು ಅಂತ ಬರೆಯುವಾಗ ಆ ನುಡಿಗಟ್ಟು ವಾಕ್ಯದಲ್ಲಿ ಎಲ್ಲಿ ಕೂರತ್ತೆ ಅನ್ನೋದಕ್ಕೆ ಬೇರೆ ಡಿಕ್ಷನರಿ ಬೇಕು. ಬ್ಯಾಕ್ ಟು ದಿ ಡ್ರಾಯಿಂಗ್ ಬೋರ್ಡ್ ಕೂಡ ಹಂಗೇ. 1941ರಲ್ಲಿ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಬಂದ ಪೀಟರ್ ಆರ್ನೋ ಅವರ ಕಾರ್ಟೂನು, ವಿಮಾನ ಬಿದ್ದು ಪುಡಿ ಆಗಿದೆ, ಅದರ ನಕ್ಷೆ ಮಾಡಿದೋನು ಕಂಕುಳಲ್ಲಿ ಕಾಗದದ ಸುರುಳಿ ಇಟ್ಕೊಂಡು ಆ ಮಾತು ಹೇಳ್ತಾ ವಾಪಸ್ ಹೊರಟಿದ್ದಾನೆ, ಅಲ್ಲಿಂದ ಮಾತು ಊರೆಲ್ಲ ಹಬ್ಬಿತು. ಕಥೆ ಚೆನ್ನಾಗಿದೆ, ಆದ್ರೆ ಇದನ್ನ ಚಿಕ್ಕ ತಪ್ಪಿಗೆ ಹೇಳಲ್ಲ, ಮಾಡಿದ್ದೆಲ್ಲ ಕೆಟ್ಟು ಮೊದಲಿಂದ ಶುರು ಮಾಡುವಾಗ ಹೇಳ್ತಾರೆ, ಆ ಸೂಕ್ಷ್ಮ ತಿಳಿಯೋಕೆ ನಾಕಾರು ವಾಕ್ಯ ಓದ್ಬೇಕು.

ಎರಡನೇದು ಇಲ್ಲಿನ ಭಾಷೆ. ಶತಮಾನಗಳನ್ನೆಲ್ಲ ಮೊಟಕು ಮಾಡಿ ಬರೀತಾರೆ, ಪ್ರೋಟೋ ಜರ್ಮ್ಯಾನಿಕ್, ಹಳೇ ಫ್ರೆಂಚ್ ಅಂತೆಲ್ಲ ಬರತ್ತೆ, ಪದದ ಶುರುವಲ್ಲಿ ನಕ್ಷತ್ರ ಗುರುತು ಇದ್ರೆ ಅದು ಎಲ್ಲೂ ಬರೆದಿಟ್ಟಿದ್ದು ಸಿಕ್ಕಿಲ್ಲ, ಪಂಡಿತರು ಲೆಕ್ಕ ಹಾಕಿ ಕಟ್ಟಿದ ರೂಪ ಅಂತ ಅರ್ಥ. ಇದನ್ನ ಒಂದು ಸಲ ತಿಳ್ಕೊಂಡ್ರೆ ಆಯ್ತು, ಆದ್ರೆ ಸ್ಕೂಲ್ ಮಗು ಒಂದನ್ನೇ ಕೂರಿಸಿ ಓದು ಅಂದ್ರೆ ಓದಲ್ಲ, ಮೊದಲೆರಡು ವಾರ ದೊಡ್ಡೋರು ಜೊತೆಗೆ ಕೂರ್ಬೇಕು. ನಾನು ಕೂತೆ, ನಂಗೂ ಲಾಭ ಆಯ್ತು.

ಒಳ್ಳೇದು ಇನ್ನೊಂದು ಹೇಳ್ಬೇಕು, ಕಟ್ಟುಕಥೆಗಳಿಂದ ಇದು ಕಾಪಾಡತ್ತೆ. ನುಡಿಗಟ್ಟುಗಳ ಮೂಲ ಅಂತ ಫಾರ್ವರ್ಡ್ ಮೆಸೇಜ್ ಬರ್ತಾನೇ ಇರತ್ತಲ್ಲ, 1500ರ ಕಾಲದ ಜೀವನ ಅಂತ 1999ರಲ್ಲಿ ಒಂದು ಇ-ಮೇಲ್ ಪ್ರಪಂಚ ಪೂರ್ತಿ ಸುತ್ತಿತ್ತು, ಹುಲ್ಲಿನ ಚಾವಣಿಯಿಂದ ಮಳೆಗೆ ನಾಯಿ ಬೆಕ್ಕು ಜಾರಿ ಬೀಳ್ತಿದ್ವು, ಅದಕ್ಕೇ ಇಂಗ್ಲಿಷಲ್ಲಿ ಜೋರು ಮಳೆಗೆ ನಾಯಿ ಬೆಕ್ಕು ಸುರೀತಿದೆ ಅಂತಾರೆ ಅನ್ನೋದೆಲ್ಲ ಅದರಲ್ಲಿತ್ತು. ಯಾರೋ ಕೂತು ಹೆಣೆದಿದ್ದು, ಆದ್ರೂ ಇವತ್ತಿಗೂ ಟೀಚರ್‌ಗಳು ಕ್ಲಾಸಲ್ಲಿ ಹೇಳೋದನ್ನ ಕೇಳಿದೀನಿ. ಮಕ್ಕಳಿಗೆ ಕಥೆ ಹೇಳೋ ಮುಂಚೆ ಇಂಥ ಕಡೆ ಒಂದ್ಸಲ ನೋಡಿ ಹೇಳಿ ಅಂತ ಕೈಮುಗಿದು ಕೇಳ್ಕೋತೀನಿ.

ಇಂಗ್ಲಿಷ್ ಕನ್ನಡ ಡಿಕ್ಷನರಿ ಮಾಡೋರಿಗೂ ಒಂದು ಮಾತು. ನಮ್ಮ "ಮನೆ" ತಗೊಳ್ಳಿ. ಆಟದ ಮಣೆ ಮೇಲೆ ಕಾಯಿ ಕೂರೋದೂ ಮನೆ, ಜಾತಕದಲ್ಲೂ ಮನೆ, ಮನಸ್ಸಲ್ಲಿ ಮನೆ ಮಾಡ್ತಾರೆ, ಎಲ್ಲರಿಗೂ ಗೊತ್ತಿರೋ ಹೆಸರಾದ್ರೆ ಮನೆಮಾತು. ಇದನ್ನ ಬೇರೆ ಭಾಷೆಯವರಿಗೆ ಒಂದು, ಎರಡು, ಮೂರು ಅಂತ ನಂಬರ್ ಹಾಕಿ ಕೊಟ್ರೆ ಅವರಿಗೆ ಏನು ಸಿಗತ್ತೆ? ಬೋರ್ಡ್ ಎದುರಿಗೆ ಹಲಗೆ, ಮಂಡಳಿ, ಊಟ ಅಂತ ಮೂರು ಪದ ಇಡುವಾಗ ನಡುವೆ "ಹಲಗೆ ಹಾಸಿ ಉಣ್ಣುತ್ತಿದ್ದರು" ಅಂತ ಮೂರೇ ಮೂರು ಪದ ಸೇರಿಸಿದ್ರೆ ಸಾಕು, ಜಾಗಾನೂ ಜಾಸ್ತಿ ಹಿಡಿಯಲ್ಲ.

ಐದರಲ್ಲಿ ನಾಲ್ಕೂವರೆ ಕೊಡ್ತೀನಿ. ಪಕ್ಕದಲ್ಲಿ ಒಂದು ಒಳ್ಳೇ ಲರ್ನರ್ಸ್ ಡಿಕ್ಷನರಿ ಇಟ್ಕೊಂಡು ಬಳಸಿ, ಅದರಲ್ಲಿ ಉಚ್ಚಾರಣೆ, ಬಳಕೆ ನೋಡಿ, ಇದರಲ್ಲಿ ದಾರಿ ನೋಡಿ. ಆ ಹದಿನಾಲ್ಕು ನಂಬರಿನ ಆ್ಯಪ್ ಫೋನಿಂದ ತೆಗೆದಾಯ್ತು. ಅಕ್ಕನ ಮಗಳು ಈಗ ಒಂದು ನೋಟ್‌ಬುಕ್ ಮಾಡ್ಕೊಂಡಿದ್ದಾಳೆ, ಮೊದಲ ಪುಟದ ನಡುವೆ ಒಂದು ಹಲಗೆ ಚಿತ್ರ ಬರೆದು ಅದರಿಂದ ಬಾಣ ಬಿಟ್ಟಿದ್ದಾಳೆ, ಒಂದು ಬಾಣ ತಟ್ಟೆಗೆ, ಒಂದು ಡೈರೆಕ್ಟರ್‌ಗಳಿಗೆ, ಒಂದು ಇಸ್ಪೀಟಿಗೆ, ಹಡಗು ಮಾತ್ರ ಪುಟದ ಮೂಲೆಯಲ್ಲಿ ಬೇರೆಯಾಗಿ ನಿಂತಿದೆ, ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ.